ಬಾನೆಟ್ ಎತ್ತಿ ತೀರ್ಪು ಕೊಡುವ ವಿಧಾನ

ಹಳೆಯ ಕಾರಿನ ಎಂಜಿನ್ ಸಾಮಾನನ್ನು ಪರೀಕ್ಷಿಸಲು ವರ್ನಿಯರ್, ಮೈಕ್ರೋಮೀಟರ್, ಫೀಲರ್ ಗೇಜ್ ಬೇಕು ಎಂಬುದು ಗ್ಯಾರೇಜಿನವರ ಮೂಢನಂಬಿಕೆ. ವಿಂಟೇಜ್ ಬಳಗದ ತೀರ್ಪುಗಾರರು ಅಷ್ಟೆಲ್ಲ ಕೈ ಕೊಳೆ ಮಾಡಿಕೊಳ್ಳುವುದಿಲ್ಲ, ಬಿಲ್ ನೋಡುತ್ತಾರೆ. ಬೆಲೆಯಲ್ಲಿ ಎರಡು ಸೊನ್ನೆ ಇದ್ದರೆ ಡೂಪ್ಲಿಕೇಟ್, ಮೂರಿದ್ದರೆ ಸ್ಪೇರ್ ಪಾರ್ಟ್, ನಾಲ್ಕಿದ್ದರೆ ಅಪ್‌ಗ್ರೇಡ್. ಪೌಂಡಿನಲ್ಲಿ ತೆತ್ತು, ಕಸ್ಟಮ್ಸ್ ಸುಂಕವನ್ನೂ ಕಕ್ಕಿ ತರಿಸಿದ್ದಾದರೆ ಸೊನ್ನೆ ಎಣಿಸುವುದು ಅಸಭ್ಯತೆ. ಅದು ಪರಂಪರೆಯ ಸಂರಕ್ಷಣೆ.

ಅಂಬಾಸಿಡರ್‌ಗೆ ಬಂದ ಯೋಗ ನೋಡಿ. 1983ರಲ್ಲಿ ಮಾರುತಿ ಬರುವವರೆಗೂ ಅದನ್ನು ಕೊಂಡವರಲ್ಲಿ ಹೆಚ್ಚಿನವರು ಬೇರೆ ದಾರಿ ಕಾಣದೆ ಕೊಂಡವರು. ಅದರ 1489 ಸಿಸಿ ಬಿ-ಸೀರೀಸ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಕೂಸು. ಐವತ್ತು ಚಿಲ್ಲರೆ ಕುದುರೆಗಳ ಬಲದಲ್ಲಿ ಅದು ಮಂತ್ರಿಗಳನ್ನೂ ಮದುವೆ ದಿಬ್ಬಣವನ್ನೂ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆಯನ್ನೂ ಹೊತ್ತು ಓಡಿತು. ರಿಂಗ್ ಹೋದರೆ ಬೆಂಗಳೂರಿನ ಜೆ.ಸಿ. ರಸ್ತೆ, ಬ್ಲಾಕ್ ಸವೆದರೆ ಲೇತ್ ಅಂಗಡಿ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಿದರೆ ಮತ್ತೆ ಹಲವು ವರ್ಷ ಮಾತಿಲ್ಲ. 2014ರಲ್ಲಿ ಕೋಲ್ಕತ್ತ ಬಳಿಯ ಉತ್ತರಪಾರಾ ಕಾರ್ಖಾನೆ ನಿಂತಿತು. ನಿನ್ನೆಯವರೆಗೆ ಬಾಡಿಗೆಗೆ ಓಡುತ್ತಿದ್ದದ್ದು ಬೆಳಗಾಗುವುದರೊಳಗೆ ಕ್ಲಾಸಿಕ್ ಆಯಿತು.

ಈ ಎಂಜಿನ್ನಿಗೊಬ್ಬ ಅಣ್ಣ ಇದ್ದಾನೆ, 1798 ಸಿಸಿಯವನು. 1962ರಿಂದ 1980ರವರೆಗೆ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದ. ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದ್ದರಿಂದ ಆ ಮನೆತನದ ಸಾಮಾನು ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ಸಿಗುತ್ತದೆ. ಅಲ್ಲಿನ ಕೆಟಲಾಗ್ ನಮ್ಮ ರಾಯರ ಕೈಗೆ ಸಿಕ್ಕಿದ್ದೇ ತಡ, ಜೆ.ಸಿ. ರಸ್ತೆ ಮೈಲಿಗೆಯಾಯಿತು. ರಾಯರೆಂದರೆ ಒಬ್ಬರಲ್ಲ. ಯಾವ ರ‍್ಯಾಲಿಗೆ ಹೋದರೂ ನಾಲ್ಕು ಜನ ಸಿಗುತ್ತಾರೆ, ಟೋಪಿ ಸಮೇತ.

ರಾಯರು ಮೊದಲು ತರಿಸಿದ್ದು ಪಾಲಿಶ್ ಮಾಡಿದ ಅಲ್ಯೂಮಿನಿಯಂ ಟ್ಯಾಪೆಟ್ ಕವರ್. ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಈ ಮುಚ್ಚಳದ ಕೆಲಸ ಇಷ್ಟೇ: ಒಳಗಿನ ಎಣ್ಣೆ ಹೊರಗೆ ಎರಚಬಾರದು, ಹೊರಗಿನ ಧೂಳು ಒಳಗೆ ಹೋಗಬಾರದು. ಕಂಪನಿ ಕೊಟ್ಟಿದ್ದ ತಗಡಿನ ಕವರ್ ಅರ್ಧ ಶತಮಾನ ಈ ಚಾಕರಿ ಮಾಡಿತು. ಎಣ್ಣೆ ಒಸರುತ್ತಿತ್ತು, ನಿಜ. ಆದರೆ ಒಸರಲು ಬಿಟ್ಟದ್ದು ಕವರ್ ಅಲ್ಲ, ಅದರಡಿಯ ಕಾರ್ಕ್ ಗ್ಯಾಸ್ಕೆಟ್. ಹೊಸ ಕವರ್ ಕೂತದ್ದೂ ಕಾರ್ಕ್ ಮೇಲೆಯೇ. ಉತ್ಸಾಹದಲ್ಲಿ ಬೋಲ್ಟನ್ನು ಒಂದು ಸುತ್ತು ಹೆಚ್ಚು ಬಿಗಿದರೆ ಕಾರ್ಕ್ ಅಪ್ಪಚ್ಚಿಯಾಗಿ, ಅದೇ ಜಾಗದಲ್ಲಿ ಅದೇ ಎಣ್ಣೆ. ಕುದುರೆಶಕ್ತಿ ಎಷ್ಟು ಹೆಚ್ಚಿತು? ಸೊನ್ನೆ. ಬಿಲ್ಲಿನಲ್ಲಿದ್ದ ಅಷ್ಟೊಂದು ಸೊನ್ನೆಗಳಲ್ಲಿ ಒಂದಾದರೂ ಎಂಜಿನ್ನಿಗೆ ದಕ್ಕಿತಲ್ಲ! ರ‍್ಯಾಲಿಯ ದಿನ ಬಾನೆಟ್ ಎತ್ತಿದಾಗ ತೀರ್ಪುಗಾರರು ಆ ಕವರಿನಲ್ಲಿ ತಮ್ಮ ಮುಖವನ್ನೇ ಕಂಡರು. ಅದಕ್ಕಿಂತ ಚೆಂದದ ಎಂಜಿನ್ ಅವರಿಗೆ ಆ ದಿನ ಇನ್ನೊಂದು ಕಾಣಲಿಲ್ಲ.

ಆಮೇಲೆ ಶುರುವಾದದ್ದು ಸತುವಿನ ಭಯ. ಹಳೆಯ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟಿನ ಉಬ್ಬು ಟ್ಯಾಪೆಟ್ಟನ್ನು ನೇರವಾಗಿ ಉಜ್ಜುತ್ತದೆ. ಸವೆಯದಿರಲು ಎಣ್ಣೆಯಲ್ಲಿ ಸತು-ರಂಜಕದ ಸಂಯುಕ್ತ ಇರಬೇಕು. ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರಿಗೆ ರಂಜಕ ಆಗಿಬರುವುದಿಲ್ಲವೆಂದು ಅದನ್ನು ಕಡಿಮೆ ಮಾಡಿದ್ದೂ ಹೌದು. ಆದರೆ ಆ ಮಿತಿ ಇರುವುದು ಈಗಿನ ಕಾರುಗಳ ತೆಳು ಎಣ್ಣೆಗಳಿಗೆ. 20ಡಬ್ಲ್ಯು-50ಯಂಥ ದಪ್ಪ ಎಣ್ಣೆಗೆ ಅದು ಅನ್ವಯಿಸುವುದಿಲ್ಲ, ಅಂಬಾಸಿಡರ್ ಕುಡಿಯುವುದೂ ಅಂಥದ್ದನ್ನೇ. ಬೀದಿ ಮೂಲೆಯ ಆಯಿಲ್ ಅಂಗಡಿಯಲ್ಲಿ ಸಿಗುತ್ತದೆ. ರಾಯರು ಅದರ ಮೇಲೊಂದು ಪುಟ್ಟ ಬಾಟಲಿಯ ಆಮದು ಸತುವನ್ನು ಉದ್ಧರಣೆಯಲ್ಲಿ ತೀರ್ಥ ಬಿಟ್ಟಂತೆ ಬಿಡುತ್ತಾರೆ. ಅತಿಯಾದರೆ ಅದೇ ಕೇಡು ಮಾಡಬಹುದು ಎಂದು ಯಾರಾದರೂ ಅಂದರೆ, ಅಂದವರ ಬಳಿ ಯಾವ ಕಾರಿದೆ ಎಂದು ಕೇಳುತ್ತಾರೆ.

ಸೀಸದ ಪೆಟ್ರೋಲ್ ದೇಶದಲ್ಲಿ 2000ದ ಫೆಬ್ರುವರಿ 1ರಿಂದಲೇ ನಿಂತಿದೆ. ಸೀಸವಿಲ್ಲದೆ ಹಳೆಯ ವಾಲ್ವ್ ಸೀಟ್ ಸವೆಯುವುದುಂಟು, ಅದೂ ಹೆಚ್ಚಾಗಿ ಗಂಟೆಗಟ್ಟಲೆ ಜೋರಾಗಿ ಓಡಿಸಿದಾಗ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಕೂರಿಸಿದರೆ ತೀರಿತು. ರಾಯರ ಕಾರು ವರ್ಷಕ್ಕೊಮ್ಮೆ ಕಬ್ಬನ್ ಪಾರ್ಕ್ ಸುತ್ತುತ್ತದೆ. ಆ ಸಾಹಸಕ್ಕೂ ಸೀಸದ ಬದಲಿ ಬಾಟಲಿ ಬೇರೆ ಬಂದಿದೆ. ಜೊತೆಗೆ ಪೆಟ್ರೋಲ್ ಪೈಪಿಗೊಂದು ಅಯಸ್ಕಾಂತ. ಪೆಟ್ರೋಲ್ ಅಯಸ್ಕಾಂತವನ್ನು ಮೂಸಿಯೂ ನೋಡುವುದಿಲ್ಲ. ಮೈಲೇಜ್ ಹೆಚ್ಚಿಸುತ್ತೇವೆನ್ನುವ ಇಂಥ ಸಲಕರಣೆಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೂರಕ್ಕೂ ಹೆಚ್ಚು ಪರೀಕ್ಷಿಸಿ, ಬಹುತೇಕ ಎಲ್ಲವನ್ನೂ ಪಕ್ಕಕ್ಕಿಟ್ಟಿದೆ. ಅವರು ಪರೀಕ್ಷಿಸಿದ್ದು ಕಾರನ್ನು, ಅದೇ ತಪ್ಪು. ದುಡ್ಡು ಕೊಟ್ಟವನನ್ನು ಪರೀಕ್ಷಿಸಿದ್ದರೆ ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚೇ ಸಿಗುತ್ತಿತ್ತು.

ಹಾಗೆಂದು ದುಬಾರಿಯೆಲ್ಲ ದಗಾ ಅಲ್ಲ. ಡಿಸ್ಟ್ರಿಬ್ಯೂಟರ್ ಒಳಗೆ ರೋಟರ್ ಎಂಬ ಹೆಬ್ಬೆರಳಿನಷ್ಟು ಸಾಮಾನಿದೆ. ಅಗ್ಗದ ನಕಲುಗಳಲ್ಲಿ ಲೋಹದ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಪ್ಲಾಸ್ಟಿಕ್ ಕಳಪೆಯಾದರೆ ಕರೆಂಟು ಆ ರಿವೆಟ್ ಮೂಲಕ ಶಾಫ್ಟಿಗೆ ಸೋರಿ, ಕಾರು ನಡುರಸ್ತೆಯಲ್ಲಿ ಮಲಗುತ್ತದೆ. ರಿವೆಟ್ ಇಲ್ಲದ ಕೆಂಪು ರೋಟರಿಗೆ ಹಲವು ಪಟ್ಟು ಕೊಟ್ಟರೂ ನಷ್ಟವಿಲ್ಲ. ರಾಯರು ಕೊಳ್ಳದೇ ಬಿಟ್ಟದ್ದು ಅದೊಂದನ್ನೇ. ಕ್ಯಾಪ್ ಮುಚ್ಚಿದ ಮೇಲೆ ಕಾಣಿಸುವುದಿಲ್ಲವಂತೆ. ಹೀಗಾಗಿ ಕಾರು ಕಳೆದ ರ‍್ಯಾಲಿಗೆ ಲಾರಿಯ ಮೇಲೆ ಬಂತು. ಬಹುಮಾನಕ್ಕೇನೂ ಅಡ್ಡಿಯಾಗಲಿಲ್ಲ, ನಿಂತ ಕಾರಿಗೆ ಧೂಳು ಕೂರುವುದು ಕಡಿಮೆ.

ಈಗ ಬಂದಿರುವುದು ನಂಬರ್ ಪ್ಲೇಟಿನ ಆಸೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ನಿಗೆ ಭಾರೀ ಮಾರ್ಪಾಡು ಮಾಡಿರದ ವಾಹನಕ್ಕೆ ‘ವಿಎ’ ಅಕ್ಷರದ ವಿಂಟೇಜ್ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮುಚ್ಚಳ ಬದಲಾಯಿಸಿದ್ದನ್ನು ಯಾರೂ ಭಾರೀ ಮಾರ್ಪಾಡು ಅನ್ನುವುದಿಲ್ಲ. ಆದರೂ ಕ್ಲಬ್ಬಿನಲ್ಲಿ ಯಾರೋ ಹೆದರಿಸಿದರು. ರಾಯರು ಗುಜರಿಗೆ ಓಡಿದರು. ಅಲ್ಲಿ ತಗಡಿನ ಕವರ್ ಸಿಕ್ಕಿತು: ಹೊಸ ಪೇಂಟು, ಪ್ಲಾಸ್ಟಿಕ್ ಸುತ್ತು, ‘ಗೋದಾಮಿನಲ್ಲೇ ಉಳಿದಿದ್ದ ಕಂಪನಿ ಮಾಲು’ ಎಂಬ ಬಿರುದು, ಅಲ್ಯೂಮಿನಿಯಮ್ಮಿನದಕ್ಕಿಂತ ಹೆಚ್ಚು ಬೆಲೆ. ಎರಡನೇ ಮಾತಿಲ್ಲದೆ ಕೊಟ್ಟು ತಂದರು. ಮೆಕ್ಯಾನಿಕ್ ಭಾಯ್ ಅದನ್ನು ಮಗುಚಿ ನೋಡಿದ.

“ಸಾರ್, ಒಳಗಡೆ ನೋಡಿ. ಹೆಡ್ ಕೆಲಸ ಮಾಡ್ದಾಗ ನಿಮ್ ಗಾಡಿ ನಂಬರ್ ನಾನೇ ಮೊಳೇಲಿ ಗೀಚಿದ್ದೆ. ಹೋದ್ ವರ್ಷ ಗುಜರಿಗೆ ಹಾಕು ಅಂದ್ರಲ್ಲ, ಅದೇ ಇದು.”

ರಾಯರು ಕನ್ನಡಕ ಏರಿಸಿ ಎರಡು ಸಲ ಓದಿದರು. ಮುಖ ಅರಳಿತು.

“ಅಂದ್ರೆ ಮ್ಯಾಚಿಂಗ್ ನಂಬರ್! ಮೆಲ್ಲಗೆ ಮಾತಾಡು ಭಾಯ್. ಆ ಗುಜರಿಯವನಿಗೆ ಗೊತ್ತಾಗಿದ್ರೆ ಡಬಲ್ ಕೇಳ್ತಿದ್ದ.”