ಬಂಕಿಗೆ ಗುಂಡು ಹೊಡೆದರೆ 80 ಅಂಕ

ರಿವರ್ ರೇಡ್ ಎಂಬ ವಿಡಿಯೋ ಗೇಮಿನಲ್ಲಿ ಯುದ್ಧವಿಮಾನವೊಂದು ನದಿಯ ಮೇಲೆ ಹಾರುತ್ತದೆ. ಹಾರುತ್ತದೆ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ದಡಕ್ಕೆ ರೆಕ್ಕೆ ತಾಗಿದರೂ ಅದು ಪುಡಿಪುಡಿ. ನಾಲ್ಕಡಿ ಮೇಲಕ್ಕೇರಿ ದಡ ದಾಟುವ ಬುದ್ಧಿ ಕೊನೆಯವರೆಗೂ ಅದಕ್ಕೆ ಬರುವುದಿಲ್ಲ. ಎಡಕ್ಕೋ ಬಲಕ್ಕೋ ಸರಿಯಬಹುದು, ವೇಗ ಏರಿಸಬಹುದು, ಇಳಿಸಬಹುದು. ನಿಲ್ಲುವಂತಿಲ್ಲ, ಹಿಂದಿರುಗುವಂತಿಲ್ಲ. ನದಿ ಪರದೆಯ ಮೇಲಿನಿಂದ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಹಡಗಿಗೆ 30 ಅಂಕ, ಹೆಲಿಕಾಪ್ಟರಿಗೆ 60, ಜೆಟ್ಟಿಗೆ 100. ಅಡ್ಡ ಬರುವ ಸೇತುವೆ ಉರುಳಿಸಿದರೆ 500. ಉರುಳಿಸದಿದ್ದರೆ ಅದಕ್ಕೇ ಡಿಕ್ಕಿ.

ಇದನ್ನು ರೂಪಿಸಿದವರು ಅಮೆರಿಕದ ಕ್ಯಾರಲ್ ಶಾ. ವಿಡಿಯೋ ಗೇಮ್ ತಯಾರಿಕೆಯನ್ನೇ ವೃತ್ತಿ ಮಾಡಿಕೊಂಡ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. 1982ರಲ್ಲಿ ಆಕ್ಟಿವಿಷನ್ ಕಂಪನಿ ಇದನ್ನು ಅಟಾರಿ 2600 ಯಂತ್ರಕ್ಕೆ ಹೊರತಂದಿತು.

ಆಟದ ನಿಜವಾದ ವೈರಿ ಶತ್ರುಪಡೆಯಲ್ಲ, ಇಂಧನ. ಮೂಲ ಆಟದಲ್ಲಿ ಶತ್ರುಗಳು ಒಂದು ಗುಂಡನ್ನೂ ಹಾರಿಸುವುದಿಲ್ಲ. ಅಡ್ಡಡ್ಡ ಓಡಾಡುತ್ತಾರೆ, ಅಷ್ಟೇ. ಇಂಧನದ ಮುಳ್ಳು ಮಾತ್ರ ಇಳಿಯುತ್ತಲೇ ಇರುತ್ತದೆ. ಅದಕ್ಕೆಂದೇ ನದಿಯ ನಡುವೆ ಅಲ್ಲಲ್ಲಿ ಪೆಟ್ರೋಲ್ ಬಂಕುಗಳಿವೆ. ಮೇಲೆ ಹಾರಿಹೋದರೆ ಸಾಕು, ಟ್ಯಾಂಕು ತುಂಬುತ್ತದೆ. ನಿಧಾನಕ್ಕೆ ಹೋದರೆ ಹೆಚ್ಚು ತುಂಬುತ್ತದೆ. ದುಡ್ಡು ಕೇಳುವವರಿಲ್ಲ. ಆದರೆ ಬಂಕನ್ನು ಹೊಡೆದರೆ 80 ಅಂಕ. ಆಟದ ಜಾಣತನವೆಲ್ಲ ಈ ಒಂದು ಆಮಿಷದಲ್ಲಿದೆ. ಗುಂಡಿ ಒತ್ತಿ ಒತ್ತಿ ರೂಢಿಯಾದ ಬೆರಳು ಬಂಕನ್ನೂ ಹಾರಿಸಿಬಿಡುತ್ತದೆ. ಮುಂದಿನ ಬಂಕು ಕಾಣುವಷ್ಟರಲ್ಲಿ ಟ್ಯಾಂಕು ಬರಿದು. ಹೀಗೆ ಬಿದ್ದವರಿಗೆ ಬಯ್ಯಲು ವೈರಿಯೂ ಸಿಗುವುದಿಲ್ಲ.

ಇಷ್ಟೆಲ್ಲ ಅಡಗಿದ್ದು 4 ಕಿಲೋಬೈಟ್ ಕಾರ್ಟ್ರಿಜ್‌ನಲ್ಲಿ. ಯಂತ್ರದ ಕೆಲಸದ ಸ್ಮೃತಿ ಬರೀ 128 ಬೈಟ್. ಯುನಿಕೋಡಿನಲ್ಲಿ ಬರೆದಿಟ್ಟರೆ ಈ ಒಂದು ಕನ್ನಡ ವಾಕ್ಯವೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಅಷ್ಟುದ್ದದ ನದಿಯನ್ನು ಅದರೊಳಗೆ ತುಂಬಿಡುವುದು ಆಗದ ಮಾತು. ಶಾ ನದಿಯನ್ನು ಇಡಲೇ ಇಲ್ಲ, ನದಿ ಹುಟ್ಟಿಸುವ ಲೆಕ್ಕವನ್ನು ಇಟ್ಟರು. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟುತ್ತದೆ. ಎಲ್ಲಿ ಅಗಲ, ಎಲ್ಲಿ ಇಕ್ಕಟ್ಟು, ಎಲ್ಲಿ ಬಂಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ನೋಡಲು ಮನಬಂದಂತೆ ಹರಿದರೂ ಆರಂಭದ ಸಂಖ್ಯೆ ಬದಲಾಗದ್ದರಿಂದ ಮಗ್ಗಿಯ ಹಾಗೆ ಪ್ರತಿಸಲವೂ ಅದೇ ನದಿ. ಹಟವಾದಿಗಳು ತಿರುವುಗಳನ್ನು ಬಾಯಿಪಾಠ ಮಾಡಬಹುದಿತ್ತು.

ಮುಂದೆ ಅಟಾರಿಯ ಹೋಮ್ ಕಂಪ್ಯೂಟರುಗಳಿಗೆ ಶಾ ತಾವೇ ಇದನ್ನು ಮತ್ತೆ ಬರೆದರು. ಅಲ್ಲಿ ದಡದ ಮೇಲೆ ಯುದ್ಧಟ್ಯಾಂಕುಗಳೂ ಆಕಾಶದಲ್ಲಿ ಬಲೂನುಗಳೂ ಸೇರಿಕೊಂಡವು. ಕಮೊಡೋರ್ 64, ಸ್ಪೆಕ್ಟ್ರಮ್ ಎಂಬ ಕಂಪ್ಯೂಟರುಗಳಿಗೂ ಆಟ ಬಂತು. ಆಟ ಲೋಡ್ ಆಗುವವರೆಗೆ ಸ್ಪೆಕ್ಟ್ರಮ್ಮಿನವರು ಕ್ಯಾಸೆಟ್ಟಿನ ಕೀರಲು ಸದ್ದು ಕೇಳುತ್ತ ನಿಮಿಷಗಟ್ಟಲೆ ಕಾಯಬೇಕಿತ್ತು. ಸಾಯಲು ಅಷ್ಟು ಹೊತ್ತು ಬೇಕಿರಲಿಲ್ಲ.

ಅಟಾರಿ 2600ರಲ್ಲಿ 15,000 ಅಂಕ ದಾಟಿದವರಿಗೆ ಆಕ್ಟಿವಿಷನ್ ಬಟ್ಟೆಯ ಬ್ಯಾಡ್ಜು ಕಳಿಸುತ್ತಿತ್ತು. ಪುರಾವೆಯಾಗಿ ಟಿವಿ ಪರದೆಯ ಫೋಟೋ ಬೇಕು. ಮೊಬೈಲ್ ಇಲ್ಲದ ಕಾಲ. ಆಟ ಗೆದ್ದ ಮೇಲೆ ರೀಲು ಮುಗಿಸಿ, ತೊಳೆಸಿ, ಅಂಚೆಗೆ ಹಾಕುವುದೇ ಇನ್ನೊಂದು ಸಾಹಸ.

ಪಶ್ಚಿಮ ಜರ್ಮನಿಯಲ್ಲಿ ಸಿಕ್ಕ ಸನ್ಮಾನ ಬೇರೆ ಬಗೆಯದು. ಈ ಆಟ ಮಕ್ಕಳ ಸ್ನಾಯು ಬಿಗಿಸುತ್ತದೆ, ಸಿಟ್ಟು ಕೆರಳಿಸುತ್ತದೆ, ತಲೆನೋವು ತರುತ್ತದೆ ಎಂದು ಅಲ್ಲಿನ ಸರ್ಕಾರಿ ಸಂಸ್ಥೆ 1984ರಲ್ಲಿ ಇದನ್ನು ಕಿರಿಯರಿಗೆ ಸಲ್ಲದ ಸರಕುಗಳ ಪಟ್ಟಿಗೆ ಸೇರಿಸಿತು. ತಲೆನೋವಿನ ವಿಷಯದಲ್ಲಿ ಸಂಸ್ಥೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಹೆಸರು ಪಟ್ಟಿಯಿಂದ ಹೊರಬಂದದ್ದು 2002ರಲ್ಲಿ. ಹೀಗೆ ಕಾಪಾಡಿದ ಮಕ್ಕಳಿಗೆ ಅಷ್ಟರಲ್ಲಿ ನಿಜವಾದ ಬಂಕಿನಲ್ಲಿ ಬಿಲ್ಲು ಕಟ್ಟುವ ವಯಸ್ಸಾಗಿತ್ತು.