ಡೇರ್ ಡೀ ದಾಸರು

ದೆಹಲಿ ಕನ್ನಡಿಗರಲ್ಲಿ ದಾಸಪಂಥ ಇನ್ನೂ ಉಳಿದಿದೆ. ಈ ದಾಸರ ಕೈಯಲ್ಲಿ ತಂಬೂರಿ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಬಳಿಯ ಪಟೇಲ್ ಚೆಸ್ಟ್‌ನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದ ಜರ್ಮನ್ ಪಾಠಪುಸ್ತಕವಿದೆ. ಬಾಯಲ್ಲಿ ಸದಾ ಒಂದೇ ನಾಮಸ್ಮರಣೆ: ಡೇರ್, ಡೀ, ಡಾಸ್. ಜರ್ಮನ್ನಿನ ಮೂರು ಲಿಂಗಗಳಿಗೆ ಮುಂದೆ ಹಚ್ಚುವ ಮೂರು ಪದಗಳು ಇವು. ಇದನ್ನು ಕೇಳಿ ಕೇಳಿ ಸಾಕಾದ ಗೆಳೆಯರು 'ಡೇರ್ ಡೀ ದಾಸರು' ಎಂದು ಹೆಸರಿಟ್ಟರು. "ದಾಸ ಅಲ್ರೋ, ಡಾಸ್!" ಎಂದು ಇವರು ತಿದ್ದಿದ ಮೇಲಂತೂ ಹೆಸರು ಗಟ್ಟಿಯಾಯಿತು.

ದಾಸರು ಬೆಳೆದದ್ದು ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಓದಿದ್ದು ಕೇಂದ್ರೀಯ ವಿದ್ಯಾಲಯದಲ್ಲಿ. ಆರನೇ ತರಗತಿಯಲ್ಲಿ ಜರ್ಮನ್ ಮೂರನೇ ಭಾಷೆಯಾಗಿತ್ತು. ತನ್ನ ಹೆಸರು, ಊರು ಹೇಳುವಷ್ಟು ಬಂದಿತ್ತು. ಅಷ್ಟರಲ್ಲಿ 2014ರ ನವೆಂಬರಿನಲ್ಲಿ, ಶಾಲಾ ವರ್ಷದ ನಡುವೆಯೇ, ಜರ್ಮನ್ನನ್ನು ಎಬ್ಬಿಸಿ ಆ ಜಾಗದಲ್ಲಿ ಸಂಸ್ಕೃತವನ್ನು ಕೂರಿಸುವ ತೀರ್ಮಾನ ಬಂತು. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದಾಸರಿಗೆ ಜರ್ಮನ್ ಹತ್ತಲಿಲ್ಲ, ಸಂಸ್ಕೃತ ದಕ್ಕಲಿಲ್ಲ. ಇಂದಿಗೂ ಅವರ ಸಕಲ ವ್ಯಾಕರಣದೋಷಗಳಿಗೆ ಕೇಂದ್ರ ಸರ್ಕಾರವೇ ಹೊಣೆ.

ಈಗ ದೆಹಲಿ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ., ಜೊತೆಗೆ ಒಂದು ವರ್ಷದ ಜರ್ಮನ್ ಸರ್ಟಿಫಿಕೇಟ್ ಕೋರ್ಸು. ಅಲ್ಲಿ ಜರ್ಮನ್ ವಿಭಾಗದ ಪೂರ್ತಿ ಹೆಸರು 'ಜರ್ಮ್ಯಾನಿಕ್ ಅಂಡ್ ರೊಮ್ಯಾನ್ಸ್ ಸ್ಟಡೀಸ್'. ಧಾರವಾಡದ ಅಜ್ಜಿಗೆ ಫೋನಿನಲ್ಲಿ ಅದರ ಉತ್ತರಾರ್ಧ ಮಾತ್ರ ಕೇಳಿಸಿತು. "ಅದನ್ನ ಕಲೀಲಿಕ್ಕೆ ಫೀಸು ಬ್ಯಾರೆ ಕಟ್ಟೀಯೇನೋ ತಮ್ಮಾ?" ಫ್ರೆಂಚ್, ಸ್ಪ್ಯಾನಿಶ್, ಇಟಾಲಿಯನ್ ಭಾಷೆಗಳ ಮನೆತನಕ್ಕೆ ಹಾಗೆನ್ನುತ್ತಾರೆ ಅಜ್ಜಿ ಎಂದು ಎಷ್ಟು ಬಿಡಿಸಿ ಹೇಳಿದರೂ "ನಿಮ್ಮಪ್ಪನ ಕೈಗೆ ಫೋನ್ ಕೊಡು" ಎಂದರು.

ಮನೆಯಲ್ಲಿ ಮೊದಲು ಬಲಿಯಾದದ್ದು ಅಡುಗೆಮನೆ. ಎದುರಿಗೆ ಕಂಡ ವಸ್ತುಗಳಿಗೆಲ್ಲ ಚೀಟಿ ಅಂಟಿಸಿ ಲಿಂಗ ಬಾಯಿಪಾಠ ಮಾಡಬೇಕಂತೆ. ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ. ಹುಡುಗಿಯೂ ನಪುಂಸಕಲಿಂಗವೇ ಎಂದಾಗ ಅಮ್ಮ, "ಸೊಸೆ ಬಂದ ಮೇಲೆ ಈ ಮಾತು ಎತ್ತಬೇಡ" ಎಂದು ಎಚ್ಚರಿಸಿದರು. ಒಂದು ಬೆಳಿಗ್ಗೆ ಅಪ್ಪ ಕಾಫಿ ಬಾಯಿಗಿಟ್ಟವರೇ ಸಿಂಕಿನತ್ತ ಓಡಿದರು. ಉಪ್ಪಿನ ಡಬ್ಬಿಯ ಮೇಲೆ 'ಡೇರ್ ತ್ಸುಕರ್' ಎಂಬ ಚೀಟಿ ಇತ್ತು, ಹಾಗೆಂದರೆ ಸಕ್ಕರೆ. ದಾಸರು ಡಬ್ಬಿಯನ್ನೂ ನೋಡಿದರು, ಚೀಟಿಯನ್ನೂ ನೋಡಿದರು. "ಲಿಂಗ ಸರಿಯಾಗೇ ಇದೆಯಲ್ಲಪ್ಪಾ" ಎಂದರು.

ತರಗತಿಯಲ್ಲಿ ಮೊದಲು ಕಲಿಸುವುದು ಉಚ್ಚಾರ. ಅದು ಬಂದದ್ದೇ ತಡ, ಗುರುಗ್ರಾಮದ ರಸ್ತೆಗಳೆಲ್ಲ ಅಶುದ್ಧವಾಗಿ ಕಂಡವು. ದೆಹಲಿಗೆ ದೆಹಲಿಯೇ 'ಆಡಿ' ಎನ್ನುವ ಕಾರು ಇವರಿಗೆ 'ಔಡಿ'. ಬಿಎಂಡಬ್ಲ್ಯು 'ಬೇ ಎಮ್ ವೇ'. ನೋಯ್ಡಾದ ಸೋದರಮಾವ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಪೋಲೊ ಕೊಂಡು, ನಿಂಬೆಹಣ್ಣು ಕಟ್ಟಿ, "ನಮ್ಮ ಫೋಕ್ಸ್‌ವ್ಯಾಗನ್ ಹೇಗಿದೆಯೋ?" ಎಂದು ಕೇಳಿದರು. "ಫೋಲ್ಕ್ಸ್‌ವಾಗನ್ ಮಾಮಾ" ಎಂದರು ದಾಸರು. ಅವತ್ತು ವಾಪಸು ಮೆಟ್ರೊದಲ್ಲೇ ಬಂದರು.

ಒಂದು ಮಾತು ಒಪ್ಪಬೇಕು. 'ನಾನು ಜರ್ಮನ್ ಕಲಿಯಬೇಕು' ಎಂಬಂಥ ವಾಕ್ಯದಲ್ಲಿ ಕಲಿಯುವ ಕ್ರಿಯೆ ಜರ್ಮನ್ನಿನಲ್ಲೂ ಕೊನೆಗೇ ಬರುತ್ತದೆ. ಇಂಗ್ಲಿಷಿನಲ್ಲೇ ಯೋಚಿಸುವ ಹುಡುಗರು ಎಡವುವ ಈ ಜಾಗವನ್ನು ನಮ್ಮವರು ಸಲೀಸಾಗಿ ದಾಟುತ್ತಾರೆ. ಇದರಿಂದ ದಾಸರಿಗೆ ಜರ್ಮನ್ ನಮ್ಮ ದಾಯಾದಿ ಭಾಷೆ ಎಂಬ ಸಿದ್ಧಾಂತ ಹೊಳೆಯಿತು. ಅಂಕಿಗಳ ಪಾಠ ಬಂದಾಗ ಸಿದ್ಧಾಂತ ಕುಸಿಯಿತು. ಇಪ್ಪತ್ತೊಂದನ್ನು ಜರ್ಮನ್ನರು 'ಒಂದು ಮತ್ತು ಇಪ್ಪತ್ತು' ಎಂದು ಹಿಂದುಮುಂದಾಗಿ ಹೇಳುತ್ತಾರೆ. ಇಕ್ಕೀಸ್, ಬಾಯೀಸ್ ಎಂದು ಹುಟ್ಟಿನಿಂದ ಎಣಿಸಿದ ಹಿಂದಿ ಹುಡುಗರು ಗೆದ್ದರು. ದಾಸರು ಹನ್ನೆರಡರ ನಂತರ ಬೆರಳು ಬಳಸುತ್ತಾರೆ.

ದಾಸರ ಬೆಂಚಿನಲ್ಲೇ ಒಬ್ಬ ಮದುಮಗಳಿದ್ದಳು. ಗಂಡ ಸ್ಟುಟ್‌ಗಾರ್ಟಿನಲ್ಲಿ, ಅವನನ್ನು ಸೇರಿಕೊಳ್ಳುವ ವೀಸಾಕ್ಕೆ ಜರ್ಮನ್ನಿನ ಮೊದಲ ಹಂತದ ಎ1 ಪರೀಕ್ಷೆ ಪಾಸಾಗಬೇಕು. ಆಕೆ ಸಿದ್ಧಾಂತ ಮಂಡಿಸಲಿಲ್ಲ, ಕಾರಿನ ಹೆಸರು ತಿದ್ದಲಿಲ್ಲ. ತೆಪ್ಪಗೆ ಓದಿ, ಕಸ್ತೂರ್ಬಾ ಗಾಂಧಿ ಮಾರ್ಗದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆದು, ವಿಮಾನ ಹತ್ತಿದಳು. ದಾಸರು ವಿಚಲಿತರಾಗಲಿಲ್ಲ. "ಮ್ಯಾಕ್ಸ್ ಮುಲ್ಲರ್ ಭಾರತಕ್ಕೆ ಒಮ್ಮೆಯೂ ಕಾಲಿಡದೆ ಋಗ್ವೇದ ಸಂಪಾದಿಸಿದ. ನಾನೂ ಇಲ್ಲಿಂದಲೇ ಕಲಿಯುತ್ತೇನೆ."

ಅಂತೂ ಹುಮಾಯೂನ್ ಸಮಾಧಿಯ ಬಳಿ ನಿಜವಾದ ಜರ್ಮನ್ ದಂಪತಿ ಸಿಕ್ಕರು. ನೀವು ಎಲ್ಲಿಯವರು ಎಂದು ದಾಸರು ಶುದ್ಧ ಉಚ್ಚಾರದಲ್ಲಿ ಕೇಳಿದರು. ಉಚ್ಚಾರ ನಂಬಿ ಅವರು ಎರಡು ನಿಮಿಷ ಜರ್ಮನ್ನಿನಲ್ಲೇ ಹರಿದರು, ಕೊನೆಗೆ ಏನೋ ಕೇಳಿದರು. "ಯಾ, ಯಾ" ಎಂದು ದಾಸರು ಗೋರಿಯ ಕಡೆ ಕೈ ತೋರಿಸಿದರು. ಅವರು ಕೇಳಿದ್ದು ಶೌಚಾಲಯವನ್ನು.

ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘದಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಒಮ್ಮೆ ಕೆಣಕಿದರು: "ಏನಪ್ಪಾ, ಆ ಕಿಟ್ಟೆಲ್ ಜರ್ಮನಿಯಿಂದ ಬಂದು ಕನ್ನಡ ಕಲಿತು ನಿಘಂಟನ್ನೇ ಕೊಟ್ಟು ಹೋದ. ನೀನಿನ್ನೂ ಒಂದನೇ ಪಾಠದಲ್ಲೇ ಇದ್ದೀಯಲ್ಲ?"

ಇತಿಹಾಸದ ವಿದ್ಯಾರ್ಥಿ ತಬ್ಬಿಬ್ಬಾಗಲಿಲ್ಲ. "ಸಾರ್, ಕಿಟ್ಟೆಲ್ ಬಂದದ್ದು 1853ರಲ್ಲಿ. ನಿಘಂಟು ಅಚ್ಚಾದದ್ದು 1894ರಲ್ಲಿ. ನನಗಿನ್ನೂ ಟೈಮಿದೆ."

ಈ ವರ್ಷವೂ ದಾಸರು ಅರ್ಜಿ ಹಾಕಿದ್ದಾರೆ, ಡಿಪ್ಲೊಮಾಕ್ಕಲ್ಲ, ಅದೇ ಸರ್ಟಿಫಿಕೇಟ್ ಕೋರ್ಸಿಗೆ. ನಿಮ್ಮ ಮಗನೋ ಮಗಳೋ ಅಲ್ಲಿಗೆ ಸೇರುವುದಾದರೆ ಉಚ್ಚಾರಕ್ಕೆ ದಾಸರನ್ನು ಧಾರಾಳವಾಗಿ ಕೇಳಲಿ. ಪರೀಕ್ಷೆಗೆ ಮಾತ್ರ ಆ ಮದುಮಗಳ ನೋಟ್ಸು ಇಸಿದುಕೊಳ್ಳಲಿ.