ನಮ್ಮ ಬೀದಿಯ ಟ್ರೇಲಪ್ಪ

‘ಒಂದು ಬೈಕ್ ತಗೋಬೇಕು ಅಂತಿದ್ದೀನಿ’ ಎಂದು ಟ್ರೇಲಪ್ಪನ ಮುಂದೆ ಬಾಯಿತಪ್ಪಿ ಅಂದವರು ಆ ವರ್ಷ ಬೈಕ್ ತಗೊಂಡ ಉದಾಹರಣೆ ನಮ್ಮ ಬೀದಿಯಲ್ಲಿಲ್ಲ. ಬಜೆಟ್ ಎಷ್ಟು, ಆಫೀಸು ಎಷ್ಟು ದೂರ ಎಂದೆಲ್ಲ ಅವನು ಕೇಳುವುದಿಲ್ಲ. ‘ನಿಮ್ಮ ಒಳಗಾಲಿನ ಅಳತೆ ಎಷ್ಟು ಸಾರ್?’ ಎಂದು ಶುರುಮಾಡುತ್ತಾನೆ. ದರ್ಜಿಯ ಹೊರತು ಬೇರೆ ಯಾರಿಗೂ ಈ ಮಾಹಿತಿ ಕೊಟ್ಟು ಅಭ್ಯಾಸವಿಲ್ಲದ ಮನುಷ್ಯ ತಬ್ಬಿಬ್ಬಾಗುತ್ತಾನೆ. ಅಷ್ಟರಲ್ಲಿ ಟ್ರೇಲಪ್ಪ ಜೇಬಿನಿಂದ ಟೇಪು ತೆಗೆದಿರುತ್ತಾನೆ.

ಆಧಾರ್ ಕಾರ್ಡಿನಲ್ಲಿ ಅವನ ಹೆಸರು ಬೇರೆ ಇದೆ. ಬನಶಂಕರಿಯಲ್ಲೂ ಒಬ್ಬ ಟ್ರೇಲಪ್ಪ ಇದ್ದಾನೆ, ಮೈಸೂರಿನ ಕುವೆಂಪುನಗರದಲ್ಲೂ ಇದ್ದಾನೆ, ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಇದ್ದೇ ಇರುತ್ತಾನೆ. ವಯಸ್ಸು ನಲವತ್ತರ ಆಚೀಚೆ. ಕೆಲಸ ಕಂಪ್ಯೂಟರ್ ಮುಂದೆ, ನೋವು ಸೊಂಟದಲ್ಲಿ. ಮನೆಯಲ್ಲಿ ಒಂದು ಕಾರು, ಒಂದು ಸ್ಕೂಟರು, ಎರಡಕ್ಕೂ ಕಂತು. ಇವುಗಳ ಪಕ್ಕದಲ್ಲಿ ಕೆಸರಿಗೆಂದೇ ಹುಟ್ಟಿದ, ಕೆಸರಿನ ಪರಿಚಯ ಇನ್ನೂ ಆಗದ ಒಂದು ಬೈಕು.

ಆ ಬೈಕನ್ನು ಆರಿಸುವುದಕ್ಕೆ ಅವನು ತಗೊಂಡ ಕಾಲದಲ್ಲಿ ಅವನ ಮಗಳು ಎಲ್‌ಕೆಜಿಯಿಂದ ನಾಲ್ಕನೇ ಕ್ಲಾಸಿಗೆ ಬಂದಳು. 2019ರಲ್ಲಿ ಹೀರೋದವರು ಎಕ್ಸ್‌ಪಲ್ಸ್ 200 ಬಿಟ್ಟಾಗ ‘ಇದೇ’ ಅಂದ. 2011ರಲ್ಲಿ ಬಂದು, ಯಾರೂ ಕೊಳ್ಳದೆ ನಿಂತುಹೋಗಿ, ನಿಂತಮೇಲೆ ಎಲ್ಲರೂ ಹುಡುಕತೊಡಗಿದ ಇಂಪಲ್ಸ್‌ನ ಕಥೆಯನ್ನು ಆಗ ಬೀದಿಗೆಲ್ಲ ಹೇಳಿದ. ‘ಆಗ ಬಿಟ್ಟೆ ಸಾರ್, ಈ ಸಲ ಬಿಡಲ್ಲ.’ ಬಿಟ್ಟ. ಮರುವರ್ಷ ಕೆಟಿಎಂ 390 ಅಡ್ವೆಂಚರ್ ಬಂತು. ಶಕ್ತಿ ಇದೆ, ಚಂದ ಇದೆ, ಆದರೆ ಮುಂದಿನ ಚಕ್ರ 19 ಇಂಚು. ಕಲ್ಲಿನ ಮೇಲೆ ಉರುಳಬೇಕಾದರೆ ಚಕ್ರ ದೊಡ್ಡದಿರಬೇಕು, 21 ಇಂಚಿಗೆ ಕಡಿಮೆ ಇರಕೂಡದು, ಅದೂ ಅಲಾಯ್ ಅಲ್ಲ, ಕಡ್ಡಿ ಚಕ್ರವೇ ಆಗಬೇಕು. ಅಲಾಯ್ ಒಡೆಯುತ್ತೆ, ಕಡ್ಡಿಯದ್ದು ಬಾಗುತ್ತೆ, ಬಾಗಿದ್ದನ್ನು ಯಾವ ಸೈಕಲ್ ಶಾಪಿನವನಾದರೂ ಔಟ್ ತೆಗೆದುಕೊಡುತ್ತಾನೆ. ಹಾಗಾಗಿ ಕೆಟಿಎಂ ಬಿದ್ದುಹೋಯಿತು. 2021ರಲ್ಲಿ ಎಕ್ಸ್‌ಪಲ್ಸ್‌ಗೇ ನಾಲ್ಕು ವಾಲ್ವು ಬಂತು. ಎರಡು ವಾಲ್ವಿನದನ್ನು ಕೊಳ್ಳದೆ ಉಳಿದದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ಹೊಸ ಹಿಮಾಲಯನ್ ಬರುತ್ತಂತೆ ಎಂಬ ಸುದ್ದಿ ಕೇಳಿ ಮತ್ತೆ ಕಾದ. 2023ರ ನವೆಂಬರಿನಲ್ಲಿ ಅದೂ ಬಂತು: 452 ಸಿ.ಸಿ., 40 ಅಶ್ವಶಕ್ತಿ, ನೀರಿನಲ್ಲಿ ತಣಿಯುವ ಎಂಜಿನ್ನು. ಮುಂದಿನ ಚಕ್ರವೂ 21. ಇನ್ನೇನು ತಗೊಂಡೇಬಿಟ್ಟ ಅನ್ನುವಾಗ ತೂಕ ಓದಿದ. 196 ಕೆ.ಜಿ.

‘ಬಿದ್ದರೆ ಎತ್ತೋರು ಯಾರು?’

ಟ್ರೇಲಪ್ಪನ ಶಾಸ್ತ್ರದಲ್ಲಿ ಇದು ಮೂಲ ಪ್ರಶ್ನೆ, ಮತ್ತು ಒಪ್ಪಿಕೊಳ್ಳಲೇಬೇಕು, ಸರಿಯಾದ ಪ್ರಶ್ನೆ. ಷೋರೂಮಿನಲ್ಲಿ ಎಲ್ಲರೂ ಬೈಕು ಓಡುವುದನ್ನು ಕಲ್ಪಿಸಿಕೊಳ್ಳುತ್ತಾರೆ. ಅದು ಮಲಗಿರುವುದನ್ನು ಕಲ್ಪಿಸಿಕೊಳ್ಳುವವನು ಇವನೊಬ್ಬನೇ. ಕಾಡುದಾರಿಯಲ್ಲಿ ಬೀಳುವುದು ಬಹುಪಾಲು ವೇಗದಿಂದಲ್ಲ, ನಿಲ್ಲುವುದರಿಂದ. ಏರಿನಲ್ಲಿ ಎಂಜಿನ್ ಆಫ್ ಆಗುತ್ತದೆ, ಕಾಲು ಇಟ್ಟ ಕಡೆ ನೆಲ ಇರುವುದಿಲ್ಲ. ಆದ್ದರಿಂದಲೇ ಒಳಗಾಲಿನ ಅಳತೆ. ಇಷ್ಟು ತಿಳಿದ ಮನುಷ್ಯ ಕೊನೆಗೆ ಕೊಂಡದ್ದು ಏನೆಂದರೆ, ಯಾರೋ ಕೊಂಡು, ಓಡಿಸದೆ, ಮಾರಿದ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್, 160 ಕೆ.ಜಿ.ಯ ಆಸುಪಾಸು. ಮಾರಿದವನೂ ಒಬ್ಬ ಟ್ರೇಲಪ್ಪನೇ. ಇಬ್ಬರೂ ದರ್ಶಿನಿಯ ಮುಂದೆ ನಿಂತು, ಬೈ-ಟು ಕಾಫಿ ಕುಡಿಯುತ್ತ, ಸ್ಪ್ರಿಂಗಿನ ವಿಚಾರವಾಗಿ ಮೂರು ಗಂಟೆ ಮಾತಾಡಿದರಂತೆ. ದುಡ್ಡಿನ ವಿಚಾರ ಐದು ನಿಮಿಷದಲ್ಲಿ ಮುಗಿಯಿತಂತೆ.

ನಮ್ಮ ಟ್ರೇಲಪ್ಪನ ತಂದೆಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಅವರು ಓಡಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. 250 ಸಿ.ಸಿ., ಎರಡು ಸೈಲೆನ್ಸರು. ಕಿಕ್ ಹೊಡೆದ ಲಿವರನ್ನೇ ತಿರುಗಿಸಿದರೆ ಅದೇ ಗೇರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಎಷ್ಟೋ ಕಾಲ ಅದನ್ನು ಮಾರಲಿಲ್ಲ. ‘ನಾವೂ ಹಳ್ಳ ದಾಟಿದೀವಪ್ಪ’ ಎನ್ನುತ್ತಾರೆ, ‘ಪ್ಯಾಂಟು ಮಡಚ್ಕೋತಿದ್ವಿ, ಅಷ್ಟೇ ತಯಾರಿ.’

ಮಗನ ತಯಾರಿ ಬೇರೆ. ಬೈಕು ಹಗುರ ಇರಬೇಕೆಂದು ಮೊದಲು ಸೀರೆ ಗಾರ್ಡ್ ಬಿಚ್ಚಿ ಅಟ್ಟಕ್ಕೆ ಹಾಕಿದ. ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದ ಹಾಗೆ ರಕ್ಷಣೆ ಇರಬೇಕೆಂದು ಮೋಟಾರು ವಾಹನ ನಿಯಮಗಳಲ್ಲೇ ಇದೆ ಎಂದು ನಾನು ನೆನಪಿಸಿದೆ. ‘ಟ್ರೇಲ್‌ನಲ್ಲಿ ಯಾರು ಸಾರ್ ಸೀರೆ ಉಡ್ತಾರೆ?’ ಎಂದ. ಅವನ ಹೆಂಡತಿ ಅಂದಿನಿಂದ ಆ ಬೈಕು ಹತ್ತಿಲ್ಲ. ಇದು ನಷ್ಟವೋ ಯೋಜನೆಯೋ ತಿಳಿಯದು. ಹೀಗೆ ಉಳಿಸಿದ ಒಂದೂವರೆ ಕೆ.ಜಿ.ಯ ಜಾಗಕ್ಕೆ ಎಂಜಿನ್ನಿನ ಕೆಳಗೊಂದು ಬ್ಯಾಷ್ ಪ್ಲೇಟು, ಕೈಗೆ ಗಾರ್ಡು, ಟ್ಯಾಂಕಿಗೆ ಕ್ರ್ಯಾಷ್ ಗಾರ್ಡು, ಹಿಂದೆ ರ್‍ಯಾಕು, ರ್‍ಯಾಕಿಗೆ ಕ್ಯಾನು ಬಂದವು. ಜೆ.ಸಿ. ರೋಡಿನ ಅಂಗಡಿಯವರಿಗೆ ಅವನು ಬಂದನೆಂದರೆ ಹಬ್ಬ. ಸೈಲೆನ್ಸರಿನ ಮೇಲೂ ಕಣ್ಣಿತ್ತು. ಆದರೆ ಪೊಲೀಸರು ಹಿಡಿದ ಸೈಲೆನ್ಸರುಗಳ ಸಾಲಿನ ಮೇಲೆ ರೋಡ್ ರೋಲರ್ ಹತ್ತಿಸುವ ಫೋಟೋವನ್ನು ಅವನ ಅಮ್ಮ ಪೇಪರಿನಿಂದ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದರು.

ನಾನು ಕಣ್ಣಾರೆ ಕಂಡು ಕೃತಾರ್ಥನಾದದ್ದು ‘ಸ್ಯಾಗ್’ ಅಳೆಯುವ ವಿಧಿ. ಸವಾರ ಕೂತಾಗ ಹಿಂದಿನ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಅದು. ಒಟ್ಟು ಆಟದ ಮೂರನೇ ಒಂದು ಭಾಗ ಕುಗ್ಗಿದರೆ ಸರಿ. ಅವನ ಬೈಕಿನ ಹಿಂದಿನ ಆಟ 170 ಮಿ.ಮೀ., ಅಂದರೆ 55ರ ಸುತ್ತಮುತ್ತ ಬರಬೇಕು. ಅಳತೆ ಸರಿಯಾಗಬೇಕಾದರೆ ಸವಾರ ಪೂರ್ತಿ ವೇಷದಲ್ಲಿರಬೇಕು. ಆದ್ದರಿಂದ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅಪಾರ್ಟ್‌ಮೆಂಟಿನ ಕಾರ್ ಪಾರ್ಕಿಂಗಿನಲ್ಲಿ ಟ್ರೇಲಪ್ಪ ಹೆಲ್ಮೆಟ್ಟು, ಕನ್ನಡಕ, ಎದೆಕವಚ, ಮೊಣಕಾಲು ಕವಚ, ಮೀನಖಂಡದವರೆಗಿನ ಬೂಟು, ಬೆನ್ನಿಗೆ ತುಂಬಿದ ನೀರಿನ ಚೀಲ ಸಮೇತ ನಿಂತ ಬೈಕಿನ ಮೇಲೆ ಎರಡೂ ಕಾಲೆತ್ತಿ ಕೂತ. ವಾಚ್‌ಮನ್ ಮುಂದಿನಿಂದ ಹ್ಯಾಂಡಲ್ ಹಿಡಿದ. ಟೇಪು ಹಿಡಿಯಲು ಹೆಂಡತಿಯನ್ನು ಕರೆಸಲಾಯಿತು.

‘ರೀ, ಮೂರನೇ ವಿಷಲ್ ಆಯ್ತು, ಬೇಗ ಹೇಳಿ ಎಲ್ಲಿಂದ ಎಲ್ಲಿಗೆ ಅಳೀಬೇಕು?’

‘ಆಕ್ಸಲ್‌ನಿಂದ ಮೇಲಿನ ಬೋಲ್ಟ್‌ವರೆಗೆ. ನೇರ ಹಿಡಿ. ಉಸಿರು ಬಿಗಿಹಿಡಿದಿದೀನಿ, ಬೇಗ.’

ಉಸಿರಿಗೂ ಸ್ಪ್ರಿಂಗಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಆಕೆ ಓದಿದ ಅಂಕಿಯಿಂದ ಲೆಕ್ಕ ಹಾಕಿದರೆ 68 ಬಂತು. ಟ್ರೇಲಪ್ಪ ಹೆಲ್ಮೆಟ್ಟಿನೊಳಗಿಂದ ‘ಸ್ಪ್ರಿಂಗ್ ಮೆತ್ತಗಾಗಿದೆ’ ಎಂದು ಘೋಷಿಸಿದ.

‘ಸ್ಪ್ರಿಂಗ್ ಗಟ್ಟಿಯಾಗೇ ಇದೆ’ ಎಂದು ಟೇಪನ್ನು ವಾಚ್‌ಮನ್ ಕೈಗೆ ಕೊಟ್ಟು ಆಕೆ ಕುಕ್ಕರ್ ಕಡೆ ನಡೆದರು.

ಉಳಿದ ಸೇವೆಗಳಿಗೆ ಇಷ್ಟು ಜನ ಬೇಕಿಲ್ಲ. ಪ್ರತಿ 500 ಕಿಲೋಮೀಟರಿಗೆ ಚೈನು ತೊಳೆಯಬೇಕು. ಅವನು ವಾರಕ್ಕೊಮ್ಮೆ ತೊಳೆಯುತ್ತಾನೆ, ಏಕೆಂದರೆ 500 ಯಾವಾಗ ಆಗುತ್ತದೋ ಹೇಳಲಾಗದು. ಸೀಮೆಎಣ್ಣೆ, ಹಳೆ ಬ್ರಷ್ಷು, ಹಳೆ ಬನೀನು. ಉದ್ದ ಆಟದ ಸಸ್ಪೆನ್ಷನ್ನಿನ ಬೈಕಿಗೆ ಚೈನು ಬಿಗಿ ಮಾಡಕೂಡದು, ಹಿಂದಿನ ಚಕ್ರ ಮೇಲೆದ್ದಾಗ ಅದು ಇನ್ನೂ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗು ತಿನ್ನುತ್ತದೆ. ಇದನ್ನು ನಮ್ಮ ಬೀದಿಯ ಎಳೆ ಮಕ್ಕಳೂ ಹೇಳುತ್ತಾರೆ. ಸಂಜೆ ಹೊತ್ತು ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತಾನೆ. ಟಿಣ್ ಅಂದರೆ ಬಿಗಿ, ಡಬ್ ಅಂದರೆ ಸಡಿಲ. ಮೇಲಿನ ಮನೆಯ ಅಜ್ಜಿ ಯಾರ ಮನೆಯಲ್ಲೋ ಮಂಗಳಾರತಿ ಆಗುತ್ತಿದೆ ಎಂದು ಕೈ ಮುಗಿದದ್ದುಂಟು. ಏರ್ ಫಿಲ್ಟರ್ ತೆಗೆದ ದಿನವಂತೂ ಅವನ ಮುಖದ ಕಳೆಯೇ ಬೇರೆ. ಟ್ರೇಲ್ ಕಾಣದ ಬೈಕಿನ ಫಿಲ್ಟರು ಕರ್‍ರಗಾಗಿರುತ್ತದೆ. ‘ನೋಡಿ ಸಾರ್ ಧೂಳು! ಇದು ಒಳಗೆ ಹೋದ್ರೆ ಪಿಸ್ಟನ್ ರಿಂಗ್ ಉಳಿಯುತ್ತಾ?’ ಅಷ್ಟೂ ಸಿಲ್ಕ್ ಬೋರ್ಡಿನ ಧೂಳು. ಬೆಂಗಳೂರಿನಲ್ಲಿ ಆಫ್-ರೋಡ್ ಬೈಕು ಇಟ್ಟುಕೊಳ್ಳುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ತೊಳೆಯುವುದು ಚೊಂಬಿನಿಂದ. ಪ್ರೆಷರ್ ವಾಷ್ ಎಂದರೆ ಅವನಿಗೆ ಸಿಟ್ಟು: ಆ ರಭಸಕ್ಕೆ ನೀರು ಬೇರಿಂಗಿಗೆ ನುಗ್ಗಿ ಗ್ರೀಸು ತೊಳೆದುಹೋಗುತ್ತದೆ, ಫೋರ್ಕಿನ ಸೀಲು ಹಾಳಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಕುಡಿಯುವ ನೀರಲ್ಲಿ ಗಾಡಿ ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಎಂದಿತಲ್ಲ, ಆಗ ಟ್ರೇಲಪ್ಪನಿಗೆ ಧರ್ಮಸಂಕಟ. ಗೆಳೆಯರು ಕೋಲಾರದ ಹತ್ತಿರದ ಡರ್ಟ್ ಪಾರ್ಕಿಗೆ ಕರೆದರು. ಡಾಕಾರ್ ರ್‍ಯಾಲಿಯನ್ನು 2015ರಲ್ಲಿ ಮುಗಿಸಿ, ಹಾಗೆ ಮುಗಿಸಿದ ಮೊದಲ ಭಾರತೀಯನೆನಿಸಿದ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಜಾಗ ಅದು. ಟ್ರೇಲಪ್ಪ ಬಹಳ ಯೋಚಿಸಿ ಒಲ್ಲೆ ಅಂದ. ‘ಗಲೀಜಾದ್ರೆ ತೊಳೆಯೋಕೆ ನೀರಿಲ್ಲ.’

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ನಮ್ಮ ಬೀದಿಯ ಒಂದು ಚೈನೂ ಈಗ ಕಿರುಗುಟ್ಟುವುದಿಲ್ಲ. ಪೇಪರ್ ಹುಡುಗನ ಸೈಕಲ್ಲು, ಹಾಲಿನವನ ಮೊಪೆಡ್ಡು, ನನ್ನ ಹಳೇ ಸ್ಪ್ಲೆಂಡರು, ಯಾವುದು ಕಣ್ಣಿಗೆ ಬಿದ್ದರೂ ಕೂತು ಎಣ್ಣೆ ಬಿಟ್ಟೇ ಏಳುತ್ತಾನೆ. ದುಡ್ಡು ಕೊಡಲು ಹೋದರೆ ಉಪನ್ಯಾಸ ಕೊಡುತ್ತಾನೆ, ಅದೊಂದೇ ಖರ್ಚು.

ಹೋದ ಮಳೆಗಾಲದಲ್ಲಿ ಅಂತೂ ಹೊರಟೆವು. ಅಭಯಾರಣ್ಯದೊಳಗೆ ಬೈಕು ನುಗ್ಗಿಸಿದರೆ ಅರಣ್ಯ ಇಲಾಖೆ ಕೇಸು ಹಾಕುತ್ತದೆ, ಹಾಕಲೂಬೇಕು. ಆದ್ದರಿಂದ ಸಕಲೇಶಪುರದ ಆಚೆ ನಮ್ಮ ನೆಂಟರ ಕಾಫಿ ತೋಟ ಗೊತ್ತಾಯಿತು. ಬೈಕು ಹಗುರವಿರಬೇಕಾದ್ದರಿಂದ ಟ್ಯೂಬು, ಟೈರ್ ಲಿವರು, ಪಂಪು, ಎರಡು ಬಗೆಯ ಆಯಿಲ್ಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ನನ್ನ ಕಾರಿನಲ್ಲಿ. ತೋಟದ ಗೇಟಿನಲ್ಲಿ ಇಳಿದು ಟೈರಿನ ಗಾಳಿ ಇಳಿಸಿದ. 20ಕ್ಕೆ ಇಳಿಸಿದರೆ ಕೆಸರಿನಲ್ಲಿ ಹಿಡಿತ ಬರುತ್ತದೆ, ಇನ್ನೂ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವು ಕಿತ್ತುಬರುತ್ತದೆ. ಅರ್ಧ ಗಂಟೆ ಹಿಡಿಯಿತು.

ತೋಟದ ರೈಟರು ಕೊಡೆ ಹಿಡಿದು ನೋಡುತ್ತಿದ್ದರು.

‘ಎಷ್ಟು ಕೊಡ್ತದೆ ಸಾರ್ ಮೈಲೇಜು?’

‘ಇದು ಮೈಲೇಜಿನ ಗಾಡಿ ಅಲ್ಲ. ನೆಲದಿಂದ 220 ಮಿ.ಮೀ. ಎತ್ತರ ಇದೆ ನೋಡಿ.’

ರೈಟರು ಬಗ್ಗಿ ನೋಡಿದರು. ಹಿಂದೆ ಹೋಗಿ ಸೀಟು ಮುಟ್ಟಿದರು. ‘ಅದು ಸರಿ. ಗೊಬ್ಬರದ ಮೂಟೆ ಎಲ್ಲಿ ಇಡೋದು?’

ಟ್ರೇಲಪ್ಪ ಉತ್ತರ ಕೊಡದೆ ಕಿಕ್ ಹೊಡೆದ. ಸೆಲ್ಫ್ ಇತ್ತು, ಆದರೂ ಕಿಕ್ ಹೊಡೆದ. ಎದ್ದು ನಿಂತು, ಮೊಣಕೈ ಅಗಲಿಸಿ, ಸಿಲ್ವರ್ ಓಕ್ ಮರಗಳ ನಡುವಿನ ಏರು ಹತ್ತಿದ. ಚೆನ್ನಾಗಿಯೇ ಹತ್ತಿದ ಅನ್ನಬೇಕು. ಮುಕ್ಕಾಲು ಏರಿನಲ್ಲಿ ಹಿಂದಿನ ಚಕ್ರ ಜೇಡಿಯಲ್ಲಿ ತಿರುಗತೊಡಗಿತು, ಎಂಜಿನ್ ಆಫ್ ಆಯಿತು, ಎಡಗಾಲು ಇಟ್ಟ. ಅಲ್ಲಿ ಚರಂಡಿ. ಬೈಕೂ ಅವನೂ ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ, ಪಕ್ಕಕ್ಕೆ ಮಲಗಿದರು.

ನಾವು ಓಡಿದೆವು. ಮೈಯೆಲ್ಲ ಕೆಸರು ಮೆತ್ತಿಕೊಂಡು ಎದ್ದವನು ಮೊಣಕಾಲನ್ನೂ ನೋಡಿಕೊಳ್ಳಲಿಲ್ಲ, ತೊಟ್ಟಿಕ್ಕುತ್ತಿದ್ದ ಪೆಟ್ರೋಲನ್ನೂ ನೋಡಲಿಲ್ಲ. ನೇರ ಕ್ಲಚ್ ಲಿವರಿಗೆ ಕೈ ಹಾಕಿದ. ಬಿದ್ದಾಗ ಮುರಿಯದೆ ಪಕ್ಕಕ್ಕೆ ತಿರುಗಲಿ ಎಂದು ಅದರ ಬೋಲ್ಟನ್ನು ಅವನು ಬೇಕೆಂದೇ ಒಂದಿಷ್ಟು ಸಡಿಲ ಬಿಟ್ಟಿದ್ದ. ಲಿವರು ಆಕಾಶ ನೋಡುತ್ತಿತ್ತು, ಮುರಿದಿರಲಿಲ್ಲ.

‘ನೋಡಿದ್ರಾ ಸಾರ್! ತಿರುಗಿದೆ! ಮುರಿದಿಲ್ಲ! ನಾನು ಹೇಳಿರಲಿಲ್ವಾ?’ ಇಷ್ಟು ವರ್ಷದಲ್ಲಿ ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿಲ್ಲ. ಬೈಕಿಗೆ ಬೆನ್ನು ಕೊಟ್ಟು, ಕಾಲಿನ ಬಲದಿಂದ ಎತ್ತಬೇಕು, ಸೊಂಟದಿಂದಲ್ಲ ಎಂದು ವಿವರಿಸಲು ತಿರುಗಿದ. ಅಷ್ಟರಲ್ಲಿ ಗೊಬ್ಬರ ಹೊರುತ್ತಿದ್ದ ಆಳೊಬ್ಬ ಬಂದು ಅದನ್ನು ಎತ್ತಿ ನಿಲ್ಲಿಸಿ ಹೋಗಿಯೂ ಆಗಿತ್ತು.

‘ವಿಡಿಯೋ ಮಾಡಿದ್ರಾ?’

ಮಾಡಿರಲಿಲ್ಲ. ಟ್ರೇಲಪ್ಪ ಏರನ್ನೊಮ್ಮೆ, ಚರಂಡಿಯನ್ನೊಮ್ಮೆ ನೋಡಿದ. ಫೋನು ತೆಗೆದು ರೈಟರ ಕೈಗೆ ಕೊಟ್ಟು, ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ಬೈಕನ್ನು ಹಿಂದಕ್ಕೆ ಇಳಿಸತೊಡಗಿದ.

ರೈಟರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಡಿಯಾರ ನೋಡಿಕೊಂಡರು. ‘ಬೀಳೋದಾದ್ರೆ ಬೇಗ ಬಿದ್ಬಿಡಿ ಸಾರ್, ನಂಗೆ ಚೆಕ್‌ರೋಲ್ ಬರೆಯೋದಿದೆ.’